ಕಿಟ್ ಹಂಚುವುದು ನಿಲ್ಲಿಸಿದರೆ ಮಿಷನ್ ಕೆಲಸವೂ ನಿಂತಂತೆಯೇ?

ಪ್ರಶ್ನೆ: ಅಯ್ಯನವರೇ, ನಮ್ಮದು ಉಡುಪಿ ಹತ್ತಿರದ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆ. ನಾನು ಶಾಲೆಯಲ್ಲಿ ಟೀಚರ್. ಸಭೆಯ ಮಿಷನ್ ಕಮಿಟಿಯಲ್ಲೂ ಇದ್ದೇನೆ. ಪ್ರತಿ ವರ್ಷ ಕ್ರಿಸ್ಮಸ್‌ಗೆ ಮುಂಚೆ ಮಣಿಪಾಲದ ಕಡೆ ಕಟ್ಟಡ ಕೆಲಸದವರ ಜೋಪಡಿಗಳಿಗೆ ಹೋಗುತ್ತೇವೆ. ಅಕ್ಕಿ, ಬೇಳೆ, ಎಣ್ಣೆಯ ಕಿಟ್, ಒಂದು ಹೊದಿಕೆ, ಜೊತೆಗೆ ಸುವಾರ್ತೆಯ ಕರಪತ್ರ ಕೊಟ್ಟು, ಫೋಟೊ ತೆಗೆದು ಬರುತ್ತೇವೆ. ಅಲ್ಲಿ ಇರುವವರು ಹೆಚ್ಚಾಗಿ ಕೊಪ್ಪಳ, ರಾಯಚೂರು, ಬಾಗಲಕೋಟೆ ಕಡೆಯವರು. ಕಳೆದ ಸಲ ಒಬ್ಬ ಹೆಂಗಸು ರೊಟ್ಟಿ ತಿಂದು ಹೋಗಿ ಅಂತ ಕರೆದರು. ನಮ್ಮವರು "ಟೈಮಿಲ್ಲ" ಅಂದು ಹೊರಟರು. ಆಗ ಆಕೆ, "ವರ್ಷಾ ಬರ್ತೀರಿ, ಕೊಡ್ತೀರಿ, ಹೋಗ್ತೀರಿ. ನಮ್ಮ ಮನ್ಯಾಗ ಒಂದ್ ಕಪ್ ಚಾ ಕುಡದಿಲ್ಲ ನೀವು" ಅಂದರು. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಕಮಿಟಿಯಲ್ಲಿ ಹೇಳಿದೆ. ಒಬ್ಬ ಹಿರಿಯರು, "ಕೊಡದೆ ಇದ್ದರೆ ಅದು ಎಂಥ ಮಿಷನ್?" ಅಂದರು. ಇನ್ನೊಬ್ಬರು, "ಈಗಿನ ಕಾಲದಲ್ಲಿ ಇದೆಲ್ಲ ಬೇಡವೇ ಬೇಡ, ಕೇಸ್ ಆಗುತ್ತದೆ" ಅಂದರು. ಹಂಚುವುದನ್ನು ನಿಲ್ಲಿಸಬೇಕಾ? ಸುಮ್ನೆ ಹೋಗಿ ಊಟ ಮಾಡಿ ಬಂದರೆ ಸುವಾರ್ತೆಯ ಮಾತು ಎಲ್ಲಿ ಹೋಯಿತು? ಅವರ ಹಬ್ಬದ ಅಡುಗೆ ದೇವರಿಗೆ ಎಡೆ ಮಾಡಿದ್ದಾದರೆ ತಿನ್ನಬಹುದಾ? ಇನ್ನೊಂದು ವಿಷಯ, ಫೆಬ್ರವರಿಯಲ್ಲಿ ಜರ್ಮನಿಯ ಒಂದು ಸಭೆಯ ತಂಡ ನಮ್ಮಲ್ಲಿಗೆ ಬರುತ್ತದೆ. ಅವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಕಮಿಟಿಯ ಆಸೆ. ಇದು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ಕಳವಳ ಒಂದೇ ಅಂತ ನನಗೆ ಕಾಣುತ್ತದೆ. ಕೈ ತುಂಬ ಕೊಟ್ಟರೂ ಆ ಮನೆಯವರಿಗೆ ನೋವಾಗಿದೆ, ಯಾಕೆ? ಆಕೆ ನಿಮ್ಮ ಅಕ್ಕಿಯನ್ನು ಬೇಡ ಅನ್ನಲಿಲ್ಲ. ನಮ್ಮಿಂದಲೂ ಏನಾದರೂ ತೆಗೆದುಕೊಳ್ಳಿ ಅಂದರು. ಅದಕ್ಕೆ ನಿಮ್ಮ ತಂಡದಲ್ಲಿ ಜಾಗವೇ ಇರಲಿಲ್ಲ. ಕೊಡುವುದು ತಪ್ಪಲ್ಲ. ಕೊಡುವವರು ಯಾವಾಗಲೂ ನಾವೇ, ತೆಗೆದುಕೊಳ್ಳುವವರು ಯಾವಾಗಲೂ ಅವರೇ ಅಂತಾದಾಗ ಅದು ತಪ್ಪಾಗುತ್ತದೆ. ದೈವಜ್ಞಾನ ಶಾಲೆಯಲ್ಲಿ ಮಿಷನ್ ವಿಷಯವನ್ನೇ ಪಾಠ ಮಾಡಿದವನು, ಸಭೆಗಳಲ್ಲೂ ಕೆಲಸ ಮಾಡಿದವನು ನಾನು. ಅಷ್ಟರ ಮೇಲೆ ಹೇಳುತ್ತೇನೆ: ಆ ಹೆಂಗಸು ನಿಮ್ಮ ಕಮಿಟಿಗೆ ಹೇಳಿದ್ದು ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನೇ.

ಆ ಅಧ್ಯಾಯವನ್ನು ನಾವು ಮಿಷನ್ ಭಾನುವಾರ ತಪ್ಪದೆ ಓದುತ್ತೇವೆ. "ಬೆಳೆ ಬಹಳ, ಕೆಲಸದವರು ಕೊಂಚ" ಎಂಬಲ್ಲಿಗೆ ನಿಲ್ಲಿಸಿ ಕಾಣಿಕೆ ಎತ್ತುತ್ತೇವೆ. ಮುಂದಿನ ವಚನಗಳನ್ನು ನಿಧಾನವಾಗಿ ಓದಿ ನೋಡಿ. ಯೇಸು ಎಪ್ಪತ್ತು ಮಂದಿಯನ್ನು ಕಳಿಸುತ್ತಾನೆ. ಹಣದ ಚೀಲ ಬೇಡ, ಹಸಿಬೆ (ಜೋಳಿಗೆ) ಬೇಡ, ಕೆರ (ಚಪ್ಪಲಿ) ಬೇಡ. ಅಂದರೆ ಹೋಗುವವರ ಕೈಯಲ್ಲಿ ಹಂಚಲು ಏನೂ ಇಲ್ಲ. ರಾತ್ರಿಯ ಊಟಕ್ಕೂ ಆ ಊರಿನವರನ್ನೇ ನಂಬಬೇಕು. ಒಂದು ಮನೆಗೆ ಹೋದರೆ ಮೊದಲು ಸಮಾಧಾನ ಹೇಳಿ, ಅದೇ ಮನೆಯಲ್ಲಿ ಇರಿ, ಅವರು ಕೊಟ್ಟದ್ದನ್ನು ಉಣ್ಣಿರಿ, ಕುಡಿಯಿರಿ, ಮನೆಯಿಂದ ಮನೆಗೆ ಹೋಗಬೇಡಿ ಅನ್ನುತ್ತಾನೆ. ರೋಗಿಗಳನ್ನು ವಾಸಿಮಾಡುವ ಮಾತು ಅದಾದ ಮೇಲೆ ಬರುತ್ತದೆ. ದೇವರ ರಾಜ್ಯ ಹತ್ತಿರ ಬಂದಿದೆ ಅಂತ ಹೇಳುವುದು ಅದಕ್ಕೂ ಆಮೇಲೆ. ನಾವು ಈ ಸಾಲನ್ನು ಹಿಂದುಮುಂದು ಮಾಡಿದ್ದೇವೆ. ತುಂಬಿದ ಚೀಲದೊಂದಿಗೆ ಹೋಗುತ್ತೇವೆ, ಮೊದಲು ಹೇಳುತ್ತೇವೆ, ಆಮೇಲೆ ಕೊಡುತ್ತೇವೆ, ಮನೆಯಿಂದ ಮನೆಗೆ ಓಡುತ್ತೇವೆ. ಉಣ್ಣುವ ಭಾಗವನ್ನೇ ಬಿಟ್ಟಿದ್ದೇವೆ.

ಯೋಹಾನನ 4ನೇ ಅಧ್ಯಾಯವೂ ಹಾಗೆಯೇ. ಯೇಸು ದಣಿದು ಬಾವಿಯ ಬಳಿ ಕೂತಿದ್ದಾನೆ. ಬಾವಿ ಆಳ, ಸೇದಲು ಕೈಯಲ್ಲಿ ಏನೂ ಇಲ್ಲ. ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲ ಅದು. ಯಾರ ಬಾವಿಯನ್ನು ಯಾರು ಮುಟ್ಟಬಾರದು ಎಂಬ ಲೆಕ್ಕ ನಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಅಂಥ ಕಡೆ ಆ ಇಡೀ ಮಾತುಕತೆ ಶುರುವಾಗುವುದು ಯೇಸುವಿನ ಬಾಯಾರಿಕೆಯಿಂದ. ಆಕೆಯ ಹತ್ತಿರ ಇರುವುದು ಅವನಿಗೆ ನಿಜವಾಗಿಯೂ ಬೇಕಾಗಿತ್ತು.

ಈಗ ನಿಮ್ಮ ಹೊದಿಕೆಯ ವಿಷಯ ಹೇಳುತ್ತೇನೆ, ಬೇಜಾರು ಮಾಡಬೇಡಿ. ಡಿಸೆಂಬರ್‌ನಲ್ಲಿ ಉಡುಪಿಯಲ್ಲಿ ಹೊದಿಕೆ ಬೇಕಾಗುವಷ್ಟು ಚಳಿ ಎಲ್ಲಿದೆ? ತಗಡಿನ ಜೋಪಡಿಯೊಳಗೆ ಸೆಕೆ. ಆ ಜನರಿಗೆ ಕಷ್ಟ ಬರುವುದು ಜೂನ್‌ನಲ್ಲಿ. ಮಳೆ ಹಿಡಿದ ಮೇಲೆ ಕಟ್ಟಡದ ಕೆಲಸ ಕಡಿಮೆ, ಕೂಲಿ ಇಲ್ಲ, ಮೇಲಿಂದ ನೀರು. ಅವಾಗ ಒಂದು ಟಾರ್ಪಾಲು ಎಷ್ಟೋ ಉಪಕಾರ. ಡಿಸೆಂಬರ್ ನಮ್ಮ ಹಬ್ಬದ ತಿಂಗಳು, ಅದಕ್ಕೇ ಡಿಸೆಂಬರ್‌ನಲ್ಲಿ ಕೊಡುತ್ತೇವೆ. ಯಾರ ಮನೆಯಲ್ಲೂ ಅರ್ಧ ಗಂಟೆ ಕೂರದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಜೊತೆಗೆ ಕೂತು ಉಣ್ಣುವುದು ಮರ್ಯಾದೆಯ ವಿಷಯವಂತೂ ಹೌದು. ಅಷ್ಟೇ ಅಲ್ಲ, ಸರಿಯಾದ ಸಹಾಯ ಯಾವುದು ಅಂತ ತಿಳಿಯುವುದೂ ಅಲ್ಲಿಯೇ.

ನಮ್ಮ ಕಡೆ ಈ ಕೆಲಸದ ಸುತ್ತ ಕೆಲವು ತಪ್ಪು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಹೊರಗಿನವರು ಹೇಳುವ ಒಂದು ಮಾತು: ಇಲ್ಲಿ ಕ್ರೈಸ್ತರಾದವರೆಲ್ಲ ಅಕ್ಕಿಗೆ, ಕೆಲಸಕ್ಕೆ ಆದವರು ಅಂತ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಇತಿಹಾಸ ಓದಿದರೆ ವಿಷಯ ಬಹುಪಾಲು ತಿರುಗುಮುರುಗು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ 30ರಂದು. ಮಂಗಳೂರಿನ ಜೆಪ್ಪುವಿನಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟ್ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಡುವೆ ಮೂವತ್ತು ವರ್ಷ. ಅಷ್ಟರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಎಷ್ಟೋ ಜನ ಮನೆ, ಗೇಣಿ ಭೂಮಿ, ಕುಲಕಸುಬು ಕಳೆದುಕೊಂಡರು. ಕುಟುಂಬ ಹೊರಗಿಟ್ಟಿತು, ಧಣಿ ಒಕ್ಕಲೆಬ್ಬಿಸಿದ. ಅವರ ಹೊಟ್ಟೆಪಾಡಿಗೆ ಅಂತಲೇ ನೇಯ್ಗೆ, ಮುದ್ರಣ, ಹಂಚು ಇವೆಲ್ಲ ಬೆಳೆದವು. ಆ ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿದರು.

ನಮ್ಮೊಳಗಿನ ತಪ್ಪು ನಂಬಿಕೆ ಬೇರೆ. ಮಿಷನ್ ಅಂದರೆ ಬಲ್ಲವರು ಬಾರದವರಿಗೆ, ಇರುವವರು ಇಲ್ಲದವರಿಗೆ ಕೊಡುವುದು ಅಂತ. ಇದು ಎಲ್ಲಿಂದ ಬಂತು? ಅದೇ ಇತಿಹಾಸದಿಂದ. ಎಲ್ಲ ಕಳೆದುಕೊಂಡು ಬಂದವನಿಗೆ ಕೆಲಸ ಕೊಟ್ಟದ್ದು ಮಿಷನ್, ಮನೆ ಕೊಟ್ಟದ್ದು ಮಿಷನ್, ಮಕ್ಕಳಿಗೆ ಶಾಲೆ, ಕಾಯಿಲೆಗೆ ಮದ್ದು, ಸತ್ತರೆ ಮಣ್ಣಿಗೆ ಜಾಗ ಎಲ್ಲವೂ ಮಿಷನ್ನಿನದು. ಒಂದು ಕಾಂಪೌಂಡಿನೊಳಗೆ ಬದುಕು ಮುಗಿಯುತ್ತಿತ್ತು. ಆ ಆಸರೆ ಇಲ್ಲದಿದ್ದರೆ ನಮ್ಮ ಅಜ್ಜಂದಿರು ಉಳಿಯುತ್ತಿರಲಿಲ್ಲ. ಅದನ್ನು ಸಣ್ಣ ಮಾಡಿ ಮಾತಾಡುವುದು ಸರಿಯಲ್ಲ. ಆದರೆ ಅದರಿಂದ ಎರಡು ಅಭ್ಯಾಸ ಉಳಿದವು. ದೊರೆ (ಬಿಳಿಯ ಮಿಷನರಿ) ಕೊಡುತ್ತಾನೆ, ನಾವು ಕೈ ಚಾಚುತ್ತೇವೆ ಎಂಬುದು ಒಂದು. ಊರಿನ ನೆರೆಕರೆಯ ಜೊತೆ ಇದ್ದ ಕೊಡುಕೊಳ್ಳುವಿಕೆ ಕಡಿದುಹೋದದ್ದು ಇನ್ನೊಂದು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿತು. ಕಾರ್ಖಾನೆಗಳು ಕೈಬಿಟ್ಟವು. ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಲೇಬೇಕಾಯಿತು, ನಿಂತವು ಕೂಡ. ಮುಂದೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ಆದರೆ ಕೊಡುವವನು ಹೇಗಿರಬೇಕು ಅಂತ ನಾವು ಕಲಿತದ್ದು ದೊರೆಗಳನ್ನು ನೋಡಿ. ಈಗ ನಾವು ಕೊಡುವ ಜಾಗಕ್ಕೆ ಬಂದಿದ್ದೇವೆ. ನಿಂತ ಭಂಗಿ ಮಾತ್ರ ಅದೇ.

ಇದರ ಇನ್ನೊಂದು ಮಗ್ಗುಲನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಆ ಮಿಷನರಿಗಳೂ ಈ ಊರಿನ ಋಣದಲ್ಲಿ ಬದುಕಿದವರು. ಬಂದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲ, ತುಳು ಬರುತ್ತಿರಲಿಲ್ಲ. ಯಾರೋ ಮುನ್ಷಿ ಅಕ್ಷರ ತಿದ್ದಿಸಿದ, ಯಾರೋ ಗಂಜಿ ಬೇಯಿಸಿದ, ಯಾರೋ ಜ್ವರ ಬಂದಾಗ ಪಕ್ಕ ಕೂತ. 1843ರ ಜುಲೈ 1ರಂದು ಅವರಲ್ಲೊಬ್ಬರಾದ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರಲ್ಲಿ ಊರ ಸುದ್ದಿ, ಸರ್ಕಾರದ ಕಾನೂನು, ಗಾದೆ, ಪುರಂದರದಾಸರ ಪದ ಎಲ್ಲ ಇತ್ತು. ಊರಿನ ಮಾತಿಗೆ ಕಿವಿಗೊಡದೆ ಅದನ್ನು ತುಂಬಿಸಲು ಆಗುತ್ತಿತ್ತಾ? ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಶಬ್ದ. ಅದರ ಹಿಂದೆ ಇಲ್ಲಿನ ಪಂಡಿತರ ದುಡಿಮೆ ಇದೆ. ಆದರೆ ಆ ಪಂಡಿತರ, ಅಡುಗೆಯವರ, ದಾರಿ ತೋರಿದವರ ಹೆಸರು ನಮ್ಮ ಜುಬಿಲಿ ಪುಸ್ತಕಗಳಲ್ಲಿ ತೀರಾ ಕಡಿಮೆ. ಕೊಟ್ಟದ್ದರ ಲೆಕ್ಕ ಬರೆದಿಟ್ಟಿದ್ದೇವೆ, ಪಡೆದದ್ದರ ಲೆಕ್ಕ ಬರೆದಿಲ್ಲ. ಇದು ನನ್ನನ್ನು ತುಂಬ ಕಾಡುವ ವಿಷಯ.

ಕಥೊಲಿಕರ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಗೋವೆಯಿಂದ ವಲಸೆ ಬಂದ ಕುಟುಂಬಗಳಿಗೆ ಕೆಳದಿಯ ಅರಸರ ಆಳ್ವಿಕೆಯಲ್ಲಿ ಇಲ್ಲಿ ಸಾಗುವಳಿಗೆ ಭೂಮಿ ಸಿಕ್ಕಿತು. ಬಂದವರು ಇಲ್ಲಿಗೆ ಅತಿಥಿಗಳಾಗಿ ಬಂದರು, ಬೇಸಾಯದವರಾಗಿ ಉಳಿದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತಂದು, ಎಲೆ ಹಾಕಿ ತರಕಾರಿ ಊಟ ಮಾಡುತ್ತಾರೆ. ಪಕ್ಕದ ಹಿಂದೂ ಮನೆಯ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ಬೇಲಿ ದಾಟಿ ಹೋಗುತ್ತದೆ. ಚೌತಿಗೋ ದೀಪಾವಳಿಗೋ ಆ ಕಡೆಯಿಂದ ತಿಂಡಿ ಬರುತ್ತದೆ. ಯಾರೂ ಇದಕ್ಕೆ ಮಿಷನ್ ಅಂತ ಹೆಸರಿಡಲಿಲ್ಲ, ವರದಿ ಬರೆಯಲಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿ ನಡೆದ ಮೇಲೆ ಈ ತಟ್ಟೆಗಳ ಓಡಾಟ ಕೆಲವು ಕಡೆ ಸಣ್ಣಗಾಯಿತು ಎಂಬುದೂ ನಿಜ. ಅದಕ್ಕೇ ಅದನ್ನು ಮತ್ತೆ ಬೆಳೆಸುವುದು ಸಣ್ಣ ಕೆಲಸ ಅಲ್ಲ ಅನ್ನುತ್ತೇನೆ.

"ಇದೆಲ್ಲ ಈಗಿನ ಹೊಸ ವಿಚಾರ" ಅಂತ ನಿಮ್ಮ ಹಿರಿಯರು ಹೇಳಬಹುದು. ಹೊಸದಲ್ಲ. 1910ರಲ್ಲಿ ಎಡಿನ್‌ಬರೊದಲ್ಲಿ ದೊಡ್ಡ ಮಿಷನರಿ ಸಮ್ಮೇಳನ ನಡೆಯಿತು. ಅಲ್ಲಿ ನಮ್ಮ ತಿರುನೆಲ್ವೇಲಿ ಕಡೆಯ ವಿ.ಎಸ್. ಅಜರಯ್ಯ ಮಾತಾಡಿದರು. ಎರಡು ವರ್ಷದ ನಂತರ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು. ನೀವು ಬಡವರಿಗೆ ಊಟಕ್ಕಾಗಿ ನಿಮ್ಮ ಆಸ್ತಿ ಕೊಟ್ಟಿದ್ದೀರಿ, ದೇಹವನ್ನು ಸುಡಲಿಕ್ಕೂ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ಮಾತನ್ನೇ ತಿರುಗಿಸಿ ಹೇಳಿದ್ದು ಅದು. ಕುರ್ಚಿ ಕೊಡುವುದು, ಊಟಕ್ಕೆ, ಚಹಾಕ್ಕೆ ಕರೆಯುವುದು ಇವುಗಳ ಪ್ರಸ್ತಾಪವನ್ನೂ ಅವರು ಎತ್ತಿದ್ದರು. ಅವೇ ದೊಡ್ಡವಲ್ಲ, ಆದರೆ ಸ್ನೇಹದ ಗುರುತಾಗಿ ಬಂದರೆ ಅವೆಲ್ಲ ಬೇಕು ಎಂಬುದು ಅವರ ಮಾತಿನ ಸಾರ. ಅವತ್ತು ಆ ಮಾತು ಯುರೋಪಿನವರಿಗೆ ಚುಚ್ಚಿತು. ಇವತ್ತು ಕೊಪ್ಪಳದ ಹೆಂಗಸು ಅದೇ ಮಾತನ್ನು ಉಡುಪಿಯವರಿಗೆ ಹೇಳಿದ್ದಾರೆ.

ಹಾಗಾದರೆ ಸುವಾರ್ತೆಯ ಮಾತು ಎಲ್ಲಿ ಹೋಯಿತು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇದನ್ನು ಹಾರಿಸಿ ಹೋಗಬಾರದು. ಅಪೊಸ್ತಲರ ಕೃತ್ಯಗಳ 28ನೇ ಅಧ್ಯಾಯದಲ್ಲಿ ಪೌಲನ ಹಡಗು ಒಡೆದು ಮೆಲೀತೆ ದ್ವೀಪಕ್ಕೆ ಬಂದು ಬೀಳುತ್ತಾನೆ. ಆ ಊರಿನವರು ಮಳೆ, ಚಳಿ ಅಂತ ಬೆಂಕಿ ಹಾಕಿ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ಊರ ಮುಖ್ಯಸ್ಥ ಮೂರು ದಿನ ಮನೆಯಲ್ಲಿ ಸತ್ಕಾರ ಮಾಡುತ್ತಾನೆ. ಅವನ ತಂದೆಗೆ ಜ್ವರ, ಪೌಲ ಪ್ರಾರ್ಥನೆ ಮಾಡಿ ವಾಸಿಮಾಡುತ್ತಾನೆ. ಹೊರಡುವಾಗ ಅವರು ದಾರಿಗೆ ಬೇಕಾದದ್ದು ಕೊಟ್ಟು ಕಳಿಸುತ್ತಾರೆ. ಮೂರು ತಿಂಗಳು ಅಲ್ಲಿದ್ದನು. ಎಷ್ಟು ಜನ ದೀಕ್ಷಾಸ್ನಾನ ಪಡೆದರು ಅಂತ ಲೂಕ ಬರೆಯಲೇ ಇಲ್ಲ. ಪೌಲ ಅಲ್ಲಿ ತನ್ನ ನಂಬಿಕೆಯನ್ನು ಮುಚ್ಚಿಡಲಿಲ್ಲ, ಪ್ರಾರ್ಥನೆ ಮಾಡಿದನಲ್ಲ. ನೀವೂ ಮುಚ್ಚಿಡಬೇಕಾಗಿಲ್ಲ. ನೀವು ಯಾರು, ಯಾವ ಸಭೆಯವರು ಅಂತ ಮೊದಲ ದಿನವೇ ಹೇಳಿ. ಯಾಕೆ ಬರುತ್ತೀರಿ ಅಂತ ಕೇಳಿದರೆ ಮನಸ್ಸು ಬಿಚ್ಚಿ ಉತ್ತರಿಸಿ. ಕೇಳಿದವರಿಗೆ ಹೇಳುವ ಮಾತಿಗೆ ಇರುವ ತೂಕ, ಕಿಟ್ ಒಳಗೆ ತುರುಕಿದ ಕರಪತ್ರಕ್ಕೆ ಇಲ್ಲ.

ಆದರೆ ಒಂದು ಎಚ್ಚರ. ಊಟವನ್ನೇ ಹೊಸ ಗಾಳ ಮಾಡಿಕೊಳ್ಳುವವರೂ ಇದ್ದಾರೆ. ಸ್ನೇಹ ಮಾಡಿ, ಆರು ತಿಂಗಳ ನಂತರ ಆರಾಧನೆಗೆ ಕರೆಯಿರಿ, ಬಾರದಿದ್ದರೆ ಮುಂದಿನ ಮನೆಗೆ ಹೋಗಿ ಅಂತ ಕಲಿಸುವ ತರಬೇತಿಗಳನ್ನು ನಾನು ನೋಡಿದ್ದೇನೆ. ಇದಕ್ಕಿಂತ ಕಿಟ್ ಹಂಚುವುದೇ ವಾಸಿ. ಕಿಟ್‌ನಲ್ಲಿ ಕನಿಷ್ಠ ಮೋಸ ಇಲ್ಲ. ಆ ಮನೆಯವರು ಎಂದಿಗೂ ನಿಮ್ಮ ಸಭೆಗೆ ಬರುವುದಿಲ್ಲ ಅಂತ ಖಚಿತವಾಗಿ ಗೊತ್ತಿದ್ದರೂ ಅವರ ಮನೆಗೆ ಹೋಗುತ್ತೀರಾ? ಕಮಿಟಿಯಲ್ಲಿ ಇದನ್ನು ಎಲ್ಲರೂ ತಮ್ಮನ್ನು ತಾವು ಕೇಳಿಕೊಳ್ಳಲಿ.

ಈಗ ಮುಂದೆ ಏನು ಮಾಡಬಹುದು ಅಂತ ನೋಡುವಾ. ಹಂಚಿಕೆಯನ್ನು ಹಾಗೇ ಮುಂದುವರಿಸಿ, ರೀತಿ ಮಾತ್ರ ಬದಲಿಸುವುದು ಸುಲಭದ ದಾರಿ. ಕರಪತ್ರ ಬಿಡಿ, ಫೋಟೊ ಬಿಡಿ, ಏನು ಬೇಕು ಅಂತ ಮೊದಲೇ ಹೋಗಿ ಕೇಳಿ. ಸಭೆಯಲ್ಲಿ ಜಗಳ ಆಗುವುದಿಲ್ಲ. ಆದರೆ ನೀವು ಕೊಡುವವರು, ಅವರು ಸಾಲಿನಲ್ಲಿ ನಿಲ್ಲುವವರು ಎಂಬುದು ಹಾಗೇ ಉಳಿಯುತ್ತದೆ. ಪೂರ್ತಿ ನಿಲ್ಲಿಸುವುದು ಇನ್ನೊಂದು ದಾರಿ. ಅದನ್ನು ನಾನು ಒಪ್ಪುವುದಿಲ್ಲ. ಭಯದಿಂದ ಬಾಗಿಲು ಹಾಕಿಕೊಂಡ ಸಭೆಯನ್ನು ನೆರೆಯವರು ಇನ್ನೂ ಜಾಸ್ತಿ ಅನುಮಾನದಿಂದ ನೋಡುತ್ತಾರೆ. ಅದಕ್ಕಿಂತ ಮುಖ್ಯ, ಅನ್ನ ಬೇಕಾದವನಿಗೆ ಅನ್ನ ಕೊಡದೆ "ನಾವು ಈಗ ಸ್ನೇಹ ಮಾತ್ರ" ಅಂದರೆ ಅದು ಕ್ರೂರತನ.

ನಾನು ಹೇಳುವುದು ಮೂರನೆಯ ದಾರಿ. ನಿಧಾನದ್ದು. ನಲವತ್ತು ಮನೆ ಬಿಡಿ, ಎರಡೋ ಮೂರೋ ಮನೆ ಸಾಕು. ಇಬ್ಬರು ಮೂವರು ಹೋಗಿ, ಕರೆದಾಗ ಹೋಗಿ, ಕೂತುಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ತಿನ್ನಿ. ಹೊಟ್ಟೆ ಕೆಡುತ್ತದೆ ಅಂತ ಬಾಟಲಿ ನೀರು ತೆಗೆದು ಅವರ ಎದುರಲ್ಲೇ ಕುಡಿಯಬೇಡಿ. ಕಾಯಿಸಿದ ಚಹಾದಿಂದ ಏನೂ ಆಗುವುದಿಲ್ಲ. ಊಟದ ಖರ್ಚು ಅವರಿಗೆ ಭಾರ ಆಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಬಡವರ ಮನೆಗೆ ಆರು ಜನ ನುಗ್ಗಿದರೆ ಅವರು ಸಾಲ ಮಾಡಿ ಕೋಳಿ ತರುತ್ತಾರೆ. ಗಂಡಸರು ಕೆಲಸಕ್ಕೆ ಹೋದ ಹೊತ್ತಲ್ಲಿ ನಿಮ್ಮ ಯೌವನಸ್ಥರ ಸಂಘದ ಹುಡುಗರು ಹೋಗುವುದು ಬೇಡ. ಭಾನುವಾರ ಸಂಜೆ ಒಳ್ಳೆಯದು. ಆಮೇಲೆ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಸಭೆಯ ಹಾಲ್‌ಗೆ ಅಲ್ಲ, ಮನೆಗೆ. ಸ್ಟೀಲಿನ ಬೇರೆ ತಟ್ಟೆ ತೆಗೆಯಬೇಡಿ. ನೀವು ಉಣ್ಣುವ ತಟ್ಟೆಯಲ್ಲೇ ಬಡಿಸಿ. ಇಷ್ಟು ಹೇಳಲೇಬೇಕಾ ಅಂತ ನಿಮಗೆ ಅನಿಸಬಹುದು. ಹೇಳಬೇಕು, ಯಾಕೆಂದರೆ ನಮ್ಮ ಕ್ರೈಸ್ತ ಮನೆಗಳಲ್ಲೂ ಈ ಭೇದ ಸತ್ತಿಲ್ಲ.

ಅವರ ಕೈಯಿಂದ ನಿಜವಾಗಿಯೂ ಏನಾದರೂ ಪಡೆಯುವುದು ಎಲ್ಲಕ್ಕಿಂತ ಕಷ್ಟ. ಒಂದು ಸಭೆಯ ಉದಾಹರಣೆ ಹೇಳುತ್ತೇನೆ. ಸಭಾಪಾಲಕರ ಮನೆಯ ಹಂಚಿನ ಮಾಡು ಸೋರುತ್ತಿತ್ತು. ಇಂಥದ್ದೇ ಜೋಪಡಿಯ ಒಬ್ಬ ಮೇಸ್ತ್ರಿ ಅದನ್ನು ನೋಡಿ, ನಾನು ಸರಿಮಾಡಿ ಕೊಡುತ್ತೇನೆ ಅಂದ. ಒಡೆದ ಹಂಚು ತೆಗೆದು, ಕೊಳೆತ ರೀಪು ಬದಲಿಸಿ, ಎರಡು ಪಕ್ಕಾಸಿಗೆ ಜೋಡು ಕೊಟ್ಟ. ಕಮಿಟಿಯವರು ಕೂಲಿ ಕೊಡಲು ಹೋದರು. ಅವನು ಬೇಡ ಅಂದ. ಅವರು ಬಿಡಲಿಲ್ಲ, ಜೇಬಿಗೆ ತುರುಕಿದರು. ಅವನ ಮುಖ ಸಣ್ಣಗಾಯಿತು. ಮತ್ತೆ ಅವನು ಆ ಕಡೆ ಬರಲಿಲ್ಲ. ಅವರಿಗೆ ಅವನ ಮೇಲೆ ಕೆಟ್ಟ ಮನಸ್ಸು ಇರಲಿಲ್ಲ. ಬಡವನ ಕೆಲಸವನ್ನು ಪುಕ್ಕಟೆ ಪಡೆಯಬಾರದು ಎಂಬ ಒಳ್ಳೆಯ ನ್ಯಾಯವೇ ಅಲ್ಲಿ ಇತ್ತು. ದಿನಗೂಲಿಯವನನ್ನು ಕರೆಸಿ ದುಡಿಸಿದರೆ ಕೂಲಿ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಾಗಿಯೇ ಕೊಡಲು ಬಂದಾಗ ಅದು ಕೂಲಿಯ ಲೆಕ್ಕ ಅಲ್ಲ. ನಿಮ್ಮ ಊಟಕ್ಕೆ ಅವನು ದುಡ್ಡು ಕೊಟ್ಟರೆ ನಿಮಗೆ ಹೇಗಾಗುತ್ತದೆ? ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ, ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಇನ್ನೊಮ್ಮೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಅನ್ನುತ್ತಾನೆ. ನಮ್ಮ ಕೊರತೆ ಯಾವುದು ಅಂತ ನಾವು ಅವರಿಗೆ ತೋರಿಸಿಯೇ ಇಲ್ಲ.

ನಿಮ್ಮ ಕಡೆಯಿಂದ ಕೊಡುವಂಥದ್ದೂ ಬೇಕಾದಷ್ಟಿದೆ. ನೀವು ಟೀಚರ್. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಅಲ್ಲಿ ಎಷ್ಟು ಜನರ ಹತ್ತಿರ ಇದೆ, ಕೇಳಿ ನೋಡಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. 90 ದಿನದ ದೃಢೀಕರಣಕ್ಕೆ ಕಂಟ್ರಾಕ್ಟರ್ ಓಡಾಡಿಸುತ್ತಾನೆ. ಅರ್ಜಿ ತುಂಬಲು ಜನ ಬೇಕು. ಊರು ಬಿಟ್ಟು ಬಂದ ಮಕ್ಕಳನ್ನು ಶಾಲೆಗೆ ಸೇರಿಸಲು ಜನ ಬೇಕು. ಹತ್ತು ಹೊದಿಕೆಗಿಂತ ಇದು ಉಪಯೋಗ.

ದೇವರಿಗೆ ಎಡೆ ಮಾಡಿದ ಅಡುಗೆಯ ವಿಷಯ. ಆ ಕಡೆಯವರಿಗೆ ಎಳ್ಳ ಅಮಾವಾಸ್ಯೆ ದೊಡ್ಡ ಹಬ್ಬ, ಅದು ಸುಮಾರಾಗಿ ನಮ್ಮ ಕ್ರಿಸ್ಮಸ್ ಆಸುಪಾಸಿಗೇ ಬರುತ್ತದೆ. ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆಯ ಅಡುಗೆ) ಚೆಲ್ಲಿ, ಎಲ್ಲರೂ ಕೂತು ಸಜ್ಜೆ ರೊಟ್ಟಿ, ಪಲ್ಯ, ಹೋಳಿಗೆ ಉಣ್ಣುವ ಹಬ್ಬ. ಇಲ್ಲಿ ಹೊಲ ಇಲ್ಲದಿದ್ದರೂ ಅಡುಗೆ ಮಾಡುವವರು ಇದ್ದಾರೆ. ಪೌಲನ ಉತ್ತರ ಕೊರಿಂಥದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿದೆ. ನಂಬದವರು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ. ಇದು ನೈವೇದ್ಯ ಅಂತ ಯಾರಾದರೂ ಎತ್ತಿ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗಾಗಿ ತಿನ್ನಬೇಡಿ ಅಂತಲೂ ಅನ್ನುತ್ತಾನೆ. ಅಂದರೆ ಇದು ಎಲ್ಲರಿಗೂ ಒಂದೇ ಕಟ್ಟಳೆ ಅಲ್ಲ. ನಿಮ್ಮ ತಂಡದಲ್ಲಿ ಯಾರಿಗಾದರೂ ಇದು ನುಂಗಲಾಗದ ವಿಷಯವಾದರೆ ಅವರನ್ನು ಒತ್ತಾಯಿಸಬೇಡಿ, ಬೇರೆ ದಿನ ಬರಲಿ. ಮನೆಯವರಿಗೂ ನೇರವಾಗಿ ಹೇಳಬಹುದು: ಪೂಜೆಯಲ್ಲಿ ನಾವು ಸೇರುವುದಿಲ್ಲ, ಊಟಕ್ಕೆ ಖಂಡಿತ ಬರುತ್ತೇವೆ ಅಂತ. ನನ್ನ ಅನುಭವದಲ್ಲಿ ಇದಕ್ಕೆ ಯಾರೂ ಬೇಸರ ಮಾಡಿಕೊಂಡಿಲ್ಲ. ಅವರ ಪಕ್ಕದ ಮನೆಯ ಮುಸ್ಲಿಂ ಮೇಸ್ತ್ರಿಯೂ ಹಾಗೇ ಮಾಡುತ್ತಾನೆ ಅಲ್ವಾ?

ಕಾನೂನಿನ ಭಯ ಸುಳ್ಳಲ್ಲ, ಆದರೆ ಅರ್ಧ ತಿಳಿವಳಿಕೆಯಿಂದ ದೊಡ್ಡದಾಗಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿತು. 2022ರಲ್ಲಿ ಕರ್ನಾಟಕದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಉಡುಗೊರೆ, ಹಣ, ವಸ್ತು, ಕೆಲಸ, ಉಚಿತ ಶಿಕ್ಷಣ ಇವನ್ನೆಲ್ಲ ಆಮಿಷ ಎಂಬುದರೊಳಗೆ ಸೇರಿಸಿದ ಕಾಯ್ದೆ ಅದು. ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಬೇರೆ, ಸದನದಲ್ಲಿ ಮುಗಿಯುವುದೇ ಬೇರೆ. ಹೊರಡುವ ಮುಂಚೆ ನಿಮ್ಮ ಧರ್ಮಪ್ರಾಂತ್ಯದ ವಕೀಲರ ಹತ್ತಿರ ಇವತ್ತಿನ ಸ್ಥಿತಿ ಕೇಳಿ. ಅಕ್ಕಿಯ ಜೊತೆ ಕರಪತ್ರ ಇಟ್ಟು ಕೊಡುವುದು ಕಾನೂನಿನ ಕಣ್ಣಿಗೆ ಅತಿ ಅಪಾಯದ ರೀತಿ. ನಿಮ್ಮ ಈಗಿನ ಪದ್ಧತಿ ಅದೇ. ಕಾನೂನನ್ನು ಬದಿಗಿಟ್ಟರೂ ಅದು ಸರಿಯಲ್ಲ. ಬಡತನವನ್ನು ಬಳಸಿಕೊಳ್ಳುವುದಕ್ಕೆ ಕ್ರೈಸ್ತ ಸೇವೆಯಲ್ಲಿ ಜಾಗವಿಲ್ಲ ಅಂತ 2011ರಲ್ಲಿ ವ್ಯಾಟಿಕನ್ನಿನ ಧರ್ಮಸಂವಾದ ಮಂಡಳಿ, ಸಭೆಗಳ ಜಾಗತಿಕ ಮಂಡಳಿ, ಜಾಗತಿಕ ಇವಾಂಜೆಲಿಕಲ್ ಒಕ್ಕೂಟ ಮೂರೂ ಒಟ್ಟಾಗಿ ಹೇಳಿವೆ. ಈ ಮೂರು ಕಡೆಯವರು ಒಂದೇ ಕಾಗದಕ್ಕೆ ಒಪ್ಪಿದ್ದು ಅಪರೂಪ. ಅದನ್ನು ನಿಮ್ಮ ಕಮಿಟಿಯಲ್ಲಿ ಒಮ್ಮೆ ಓದಿಸಿ. ಮಕ್ಕಳನ್ನು ಮಾತ್ರ ಸೇರಿಸಿ, ತಂದೆತಾಯಿ ಇಲ್ಲದಾಗ ಹಾಡು, ಕಥೆ ಅಂತ ಕಾರ್ಯಕ್ರಮ ಮಾಡುವುದನ್ನೂ ಬಿಡಿ.

ಜರ್ಮನಿಯ ತಂಡ ಬರಲಿ, ಖುಷಿಯಿಂದ ಬರಲಿ. ಆದರೆ ಜೋಪಡಿಗಳಿಗೆ ಕರೆದುಕೊಂಡು ಹೋಗಿ ಅವರ ಕೈಯಲ್ಲಿ ಕಿಟ್ ಕೊಡಿಸುವುದು ಬೇಡ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕೂರಬಹುದು. ಧರ್ಮ ಬೋಧನೆ ಮಾಡುವಂತಿಲ್ಲ, ಕರಪತ್ರ ಹಂಚುವಂತಿಲ್ಲ. ಮಿಷನರಿ ವೀಸಾ ಬೇರೆಯೇ ಇದೆ. ವಿದೇಶಿಯರು ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆಯ ಅದಕ್ಕೆಂದೇ ಇರುವ ಖಾತೆಗೆ ಮಾತ್ರ ಬರಬೇಕು, ಕಾಣಿಕೆ ಚೀಲಕ್ಕೂ ಅಲ್ಲ, ಕಮಿಟಿಯ ಖಜಾಂಚಿಯ ಕೈಗೂ ಅಲ್ಲ. ಅವರನ್ನು ಹೋಟೆಲಿನಲ್ಲಿ ಇಳಿಸದೆ ಸಭೆಯವರ ಮನೆಗಳಲ್ಲಿ ಇಟ್ಟುಕೊಳ್ಳಿ. ಗಂಜಿ, ಚಟ್ನಿ ಕೊಡಿ. ಅವರಿಂದ ದುಡ್ಡು ಬಿಟ್ಟು ಬೇರೆ ಏನಾದರೂ ಕೇಳಿ. ಅವರ ಊರಿನ ಸಭೆಗಳಲ್ಲಿ ಈಗ ಭಾನುವಾರ ಎಷ್ಟು ಜನ ಕೂರುತ್ತಾರೆ, ಸಿರಿಯಾದಿಂದ ಬಂದ ನಿರಾಶ್ರಿತರ ಜೊತೆ ಹೇಗಿದ್ದಾರೆ, ಯಾವುದು ಅವರಿಗೆ ಕಷ್ಟ ಅಂತ ಕೇಳಿ. ಅವರಿಗಾಗಿ ನಿಮ್ಮ ಸಭೆ ಪ್ರಾರ್ಥನೆ ಮಾಡಲಿ. ಆ ರೊಟ್ಟಿಯ ಮನೆಯವರ ಜೊತೆ ಅಷ್ಟರೊಳಗೆ ನಿಮ್ಮ ಒಡನಾಟ ಗಟ್ಟಿಯಾಗಿದ್ದರೆ, ಜರ್ಮನಿಯವರನ್ನು ಕರೆತರಬಹುದಾ ಅಂತ ಅವರನ್ನೇ ಕೇಳಿ. ಬೇಡ ಅಂದರೆ ಆ ಮಾತು ಅಲ್ಲಿಗೆ ಬಿಡಿ, ಕಮಿಟಿಗೂ ಹಾಗೇ ತಿಳಿಸಿ.